ಸಹಿ ಹಾಕಲು ಮನೆಯಲ್ಲಿದ್ದವರು

ಲಿಲ್ಲಿ ಬಾಯಿ ಯಾವ ಪಾರ್ಸೆಲ್ಲನ್ನೂ ಕಿವಿಗೆ ಹಿಡಿಯದೆ ತೆರೆಯುತ್ತಿರಲಿಲ್ಲ. ಅಕ್ಕಿಯ ಚೀಲವಾಗಲಿ, ಗಂಡನ ಮಾತ್ರೆಯ ಡಬ್ಬವಾಗಲಿ, ತಲೆ ಓರೆ ಮಾಡಿ ಒಂದು ಗಳಿಗೆ ಆಲಿಸಿ, ಆಮೇಲೆ ಉಗುರಿನಿಂದ ಟೇಪು ಎಬ್ಬಿಸುತ್ತಿದ್ದರು. ಬರೆದ ಮೇಲೆ ಅನುಮಾನ ಬರುತ್ತಿದೆ. ಕೋಳಿಮರಿಗಳು ಬರುವ ಮೊದಲೂ ಅವರಿಗೆ ಈ ಅಭ್ಯಾಸ ಇತ್ತೇ? ಇರಲಿಕ್ಕಿಲ್ಲ. ನೆನಪು ತನಗೆ ಹಿಡಿಸಿದ ಚಿತ್ರವನ್ನು ಹಿಂದಿನ ದಿನಗಳಿಗೂ ಅಂಟಿಸಿಬಿಡುತ್ತದೆ.

ಐರ್ಲೆಂಡಿನ ಕಿಲ್ಕೆನ್ನಿಯಲ್ಲಿ ನನ್ನ ಬಾಡಿಗೆ ಮನೆಗೆ ಗೋಡೆ ಹಂಚಿಕೊಂಡ ಮನೆ ಅವರದು. ಉಳ್ಳಾಲದವರು. ಗಂಡ ಆಲ್ಬನ್‌ಗೆ ಸ್ಟ್ರೋಕ್ ಆದ ಮೇಲೆ ನರ್ಸ್ ಕೆಲಸ ಬಿಟ್ಟಿದ್ದರು. ಆಲ್ಬನ್‌ಗೆ ಬಲಗೈಯ ಸ್ವಾಧೀನ ಹೋಗಿತ್ತು. ಮಾತೆಲ್ಲ ಹೋಗಿ ‘ಜಾಲೆಂ’ ಎಂಬ ಒಂದೇ ಕೊಂಕಣಿ ಪದ ಉಳಿದಿತ್ತು. ಆಯಿತು ಎಂದರ್ಥ. ಹಸಿವಾದರೂ ಜಾಲೆಂ, ಕಾಲು ನೋಯುತ್ತಿದ್ದರೂ ಜಾಲೆಂ. ಒಬ್ಬರನ್ನೇ ಬಿಟ್ಟರೆ ಎದ್ದು ನಿಲ್ಲಲು ಹೋಗಿ ಬೀಳುತ್ತಿದ್ದರು. ಬೆಳಿಗ್ಗೆ ಸ್ನಾನ ಮಾಡಿಸಲು ಕೇರರ್ ಹುಡುಗಿ ಬರುವ ಅರ್ಧ ಗಂಟೆಯಲ್ಲಿ ಲಿಲ್ಲಿ ಬಾಯಿ ಅಂಗಡಿಗೆ ಓಡಿ ಹೋಗಿ ಬರುತ್ತಿದ್ದರು. ಉಳಿದ ಹೊತ್ತೆಲ್ಲ ಒಳಗೆ.

ಇದರ ಲಾಭ ಪಡೆದವರು ಬೀದಿಯವರು. ಯಾವ ಮನೆಯ ಬಾಗಿಲು ತೆರೆಯದಿದ್ದರೂ ಅವರ ಹದಿನಾಲ್ಕನೇ ನಂಬರಿನ ಬಾಗಿಲು ತೆರೆಯುತ್ತದೆ ಎಂದು ಪಾರ್ಸೆಲ್ ವ್ಯಾನಿನವನಿಗೆ ಗೊತ್ತಿತ್ತು. ಸಂಜೆ ನಾವು ಒಬ್ಬೊಬ್ಬರಾಗಿ ಹೋಗಿ ನಮ್ಮ ನಮ್ಮದನ್ನು ಇಸಿದುಕೊಳ್ಳುತ್ತಿದ್ದೆವು.

“ನಿಮ್ಮದು ಎರಡುಂಟು ಮೈಸೂರಿನವರೇ. ಒಂದು ಮೆತ್ತಗೆ. ಪುನಃ ಅಂಗಿಯಾ? ಮನೆಯಲ್ಲೇ ಕೂತು ಕೆಲಸ ಮಾಡುವವರಿಗೆ ಎಷ್ಟು ಅಂಗಿ ಮಾರಾಯ್ರೆ?”

ಪಾರ್ಸೆಲ್‌ನಲ್ಲಿ ಕೋಳಿಮರಿ ತರಿಸುತ್ತೇನೆ ಎಂದು ಲಿಲ್ಲಿ ಬಾಯಿ ಒಂದು ದಿನ ಅಂದಾಗ ನಾನು ನಕ್ಕೆ. ಅವರು ನಗಲಿಲ್ಲ.

“ಅಕ್ಕಿ ಬರ್ತದೆ, ಮಾತ್ರೆ ಬರ್ತದೆ. ಜೀವ ಇರುವುದು ಎಂತದೂ ಈ ಮನೆಗೆ ಬರುವುದಿಲ್ಲ.”

“ನಾನು ಬರ್ತೀನಲ್ಲ?”

“ನೀವು ಪಾರ್ಸೆಲ್‌ಗೆ ಬರುವುದು.”

ಅವರಿಗೆ ಬೇಕಿದ್ದದ್ದು ಐದೇ ಮರಿ. ಹದಿನೈದಕ್ಕಿಂತ ಕಡಿಮೆ ಕಳಿಸುವುದಿಲ್ಲ ಎಂದಿತ್ತು ಮಾರುವವರ ವೆಬ್‌ಸೈಟು. ದಾರಿಯಲ್ಲಿ ಒಂದಕ್ಕೊಂದು ಒತ್ತಿಕೊಂಡು ಬೆಚ್ಚಗಿರಬೇಕಲ್ಲ. ಉಳಿದವನ್ನು ತನ್ನ ಅಪ್ಪನ ಫಾರ್ಮ್‌ಗೆ ಒಯ್ಯುತ್ತೇನೆ ಎಂದಳು ಕೇರರ್ ಹುಡುಗಿ. ಲಿಲ್ಲಿ ಬಾಯಿ ಮುಂದಿನ ಸಾಲು ಓದಿದರು. “ಸಹಿಗೆ ಮನೆಯಲ್ಲಿ ಜನ ಇರಬೇಕಂತೆ. ನಮ್ಮ ಮನೆಯಲ್ಲಿ ಜನ ಇಲ್ಲದ ದಿನ ಯಾವುದು?”

ಮೇ ತಿಂಗಳಲ್ಲಿ ಪೆಟ್ಟಿಗೆ ಬಂತು, ಸುತ್ತ ಬೆರಳು ತೂರುವಷ್ಟು ತೂತು. ನೆಲದ ಮೇಲಿಟ್ಟು ಅವರು ಕಿವಿ ಹಚ್ಚಿದರು. ಒಂದೊಂದೇ ಮರಿಯನ್ನು ಎತ್ತಿ, ಕೊಕ್ಕನ್ನು ಉಗುರುಬೆಚ್ಚಗಿನ ನೀರಿಗೆ ಅದ್ದಿ, ಒಂದು ಗುಟುಕು ಇಳಿದದ್ದನ್ನು ನೋಡಿಯೇ ದೀಪದ ಕೆಳಗೆ ಬಿಡುತ್ತಿದ್ದರು. ಎರಡು ದಿನ ಉಪವಾಸವಿದ್ದವು ಹೇಗೆ ಬದುಕಿದವು ಎಂದು ಕೇಳಿದೆ.

“ಮೊಟ್ಟೆಯಿಂದ ಹೊರಡುವ ಮುಂಚೆ ಅದರ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಳ್ತವೆ. ಅದೇ ಬುತ್ತಿ. ಎರಡು ದಿನ, ಮೂರು ದಿನ. ಆಮೇಲೆ ಯಾರಾದರೂ ಪೆಟ್ಟಿಗೆ ತೆಗೀಲೇಬೇಕು.”

ಒಂದು ಸತ್ತಿತ್ತು. ಹದಿನಾಲ್ಕನ್ನೂ ಒಂದೊಂದಾಗಿ ಆಲ್ಬನ್‌ರ ಸತ್ತ ಕೈಯ ಮೇಲಿಟ್ಟರು. ಅವರು ಪ್ರತಿಯೊಂದಕ್ಕೂ ಜಾಲೆಂ ಎಂದರು.

ಚಳಿಗಾಲದಲ್ಲಿ ಹಕ್ಕಿಜ್ವರ ಬಂತು. ಸಾಕಿದ ಕೋಳಿಗಳನ್ನೆಲ್ಲ ಒಳಗೇ ಕೂಡಿಹಾಕಬೇಕೆಂದು ಸರ್ಕಾರದ ಆದೇಶವಾಯಿತು. ಶೆಡ್ಡಿನ ಬಾಗಿಲಿಗೆ ಬಲೆ ಹೊಡೆಯುತ್ತಾ ಲಿಲ್ಲಿ ಬಾಯಿ ಹೇಳಿದರು: “ಅವರು ಒಳಗೆ, ನಾನು ಒಳಗೆ, ಈಗ ಇವು ಸಹ. ಒಂದು ಸಲ ಸಮುದ್ರ ನೋಡಬೇಕು ಮಾರಾಯ್ರೆ. ನಾಲ್ಕು ವರ್ಷ ಆಯ್ತು. ಟ್ರಮೋರ್‌ಗೆ ಹೋಗಿ ಒಂದು ಗಂಟೆ ನಿಂತು ಬಂದರೆ ಸಾಕು.” ಆದೇಶ ತೆಗೆದ ಮೇಲೆ ಒಂದು ಶನಿವಾರ ಆಲ್ಬನ್ ಹತ್ತಿರ ನಾನು ಕೂರುತ್ತೇನೆ, ನೀವು ಬೆಳಿಗ್ಗೆಯ ಬಸ್ಸಿಗೆ ಹೋಗಿ ಬನ್ನಿ ಎಂದು ಮಾತು ಕೊಟ್ಟೆ.

ಮುಂದಿನದನ್ನು ನಾನು ಡಬ್ಲಿನ್ನಿನ ಗೆಳೆಯರಿಗೆ ಹಲವು ಸಲ ಹೇಳಿದ್ದೇನೆ. ಬಲೆ ತೆಗೆದರೂ ಕೋಳಿಗಳು ಹೊಸ್ತಿಲು ದಾಟಲಿಲ್ಲ. ಆ ಶನಿವಾರ ಲಿಲ್ಲಿ ಬಾಯಿಯೂ ಕೋಟು ತೊಟ್ಟು ಗೇಟಿನವರೆಗೆ ಹೋಗಿ, ವಾಪಸು ಬಂದರು. ಕೇಳಿದವರೆಲ್ಲ ಅಯ್ಯೋ ಎನ್ನುತ್ತಾರೆ. ಕತೆ ಚೆನ್ನಾಗಿದೆ.

ಸುಳ್ಳು. ಬಲೆ ತೆಗೆದ ನಿಮಿಷಕ್ಕೇ ಐದೂ ಕೋಳಿ ನುಗ್ಗಿ ಅವರ ಕೊತ್ತಂಬರಿ ಪಾತಿಯನ್ನು ಕೆದರಿ ಹಾಕಿದವು. ಲಿಲ್ಲಿ ಬಾಯಿ ಗೇಟಿನಿಂದ ವಾಪಸು ಬರಲಿಲ್ಲ. ಗೇಟಿಗೆ ಹೋಗಲೇ ಇಲ್ಲ. ಬಸ್ಸಿಗೆ ಮುಕ್ಕಾಲು ಗಂಟೆ ಇರುವಾಗ, ಆಫೀಸಿನ ಕಾಲ್ ಬಂದಿದೆ, ಆಗಲ್ಲ ಎಂದು ಮೆಸೇಜ್ ಹಾಕಿದವನು ನಾನು. ಆ ಕಾಲ್‌ನಲ್ಲಿ ನನ್ನನ್ನು ಯಾರೂ ಏನೂ ಕೇಳಲಿಲ್ಲ. ನಡುವೆ ಬೆಲ್ ಆಯಿತು. ನಾನು ಏಳಲಿಲ್ಲ. ವ್ಯಾನಿನವನು ನನ್ನ ಪೆಟ್ಟಿಗೆ ಎತ್ತಿಕೊಂಡು ಪಕ್ಕದ ಮನೆಗೆ ನಡೆದ. ಕಿಟಕಿಯಿಂದ ನೋಡಿದೆ: ಲಿಲ್ಲಿ ಬಾಯಿ ಕೋಟು ತೊಟ್ಟು, ಹೆಗಲಿಗೆ ಬ್ಯಾಗು ಹಾಕಿಕೊಂಡು, ನನ್ನ ಪಾರ್ಸೆಲ್ಲಿಗೆ ಸಹಿ ಹಾಕುತ್ತಿದ್ದರು.

ಸಂಜೆ ಹೋದೆ. ಕೋಟು ಮೊಳೆಗೆ ಏರಿತ್ತು.

“ಸಾರಿ ಲಿಲ್ಲಿ ಬಾಯಿ. ಮುಂದಿನ ವಾರ ಖಂಡಿತ.”

“ಸಮುದ್ರ ಎಂತ ಓಡಿ ಹೋಗ್ತದಾ? ತಗೊಳ್ಳಿ. ಇದು ಶೂ, ಅಲ್ವಾ?”

ಶೂ ಹೌದು. ಮುಂದಿನ ವಾರ ಏನಾಯಿತೆಂದು ನೆನಪಿಲ್ಲ. ಏನೂ ಆಗಲಿಲ್ಲ ಎಂಬುದಷ್ಟೇ ಗೊತ್ತು.

ಜೂನ್‌ನಲ್ಲಿ ಆಲ್ಬನ್ ತೀರಿಕೊಂಡರು. ಲಿಲ್ಲಿ ಬಾಯಿ ಬಂದರು ಊರು ಕಾರ್ಕ್‌ನಲ್ಲಿರುವ ತಂಗಿಯ ಮನೆಗೆ ಹೊರಟರು. ಹೋಗುವ ದಿನ ಐದೂ ಕೋಳಿಗಳನ್ನು ನನ್ನ ಹಿತ್ತಲಿಗೆ ದಾಟಿಸಿದರು.

“ನಾನು ಮೊಟ್ಟೆ ತಿನ್ನಲ್ಲ, ನಿಮಗೆ ಗೊತ್ತಲ್ಲ.”

“ಕೇಕ್ ತಿನ್ನುತ್ತೀರಿ. ಅದೆಂತ ಬೂದುಕುಂಬಳದ್ದಾ?” ಆಮೇಲೆ ನನ್ನ ಹಿತ್ತಲಿನ ಶೆಡ್ಡಿನ ಚಿಲಕ ತೋರಿಸಿದರು. “ಕತ್ತಲೆ ಆಗುವ ಮೊದಲು ಇದು ಹಾಕಬೇಕು. ದಿನಾ. ನರಿ ಉಂಟು. ಇನ್ನು ನೀವು ಎಲ್ಲಿಗೂ ಹೋಗುವ ಹಾಗಿಲ್ಲ.” ನಗುತ್ತಲೇ ಹೇಳಿದರು. ಶಿಕ್ಷೆಯಾಗಿ ಹೇಳಿದರೋ, ನಂಬಿ ಹೇಳಿದರೋ, ತಿಳಿಯಲಿಲ್ಲ.

ಅವರು ಹೋಗಿ ಒಂದು ವಾರ. ವ್ಯಾನಿನವನು ನನ್ನ ಬಾಗಿಲಲ್ಲಿ ಬೀದಿಯವರ ನಾಲ್ಕು ಪಾರ್ಸೆಲ್ ಹಿಡಿದು ನಿಂತಿದ್ದ. “ನೀವು ಒಳಗೇ ಇರ್ತೀರಾ? ಗ್ರ್ಯಾಂಡ್,” ಎಂದ. ಇಲ್ಲಿಯವರ ಬಾಯಲ್ಲಿ ಸರಿ, ಒಳ್ಳೆಯದಾಯಿತು ಎಂದಷ್ಟೇ ಅರ್ಥ. ಪಕ್ಕದ ಬಾಗಿಲಿಗೆ ಅವನು ಸಿಕ್ಕಿಸಿದ್ದ ಹಳದಿ ಚೀಟಿಯೊಂದು ಗಾಳಿಗೆ ಅಲುಗುತ್ತಿತ್ತು. ತೆಗೆದು ಓದಿ, ರಾತ್ರಿ ಊಟವಾದ ಮೇಲೆ ಕಾರ್ಕ್‌ಗೆ ಫೋನ್ ಮಾಡಿದೆ.

“ನಿಮ್ಮ ಹೆಸರಿಗೆ ಚೀಟಿ ಬಂದಿದೆ ಲಿಲ್ಲಿ ಬಾಯಿ. ‘ನಾವು ಬಂದಿದ್ದೆವು. ನೀವು ಮನೆಯಲ್ಲಿ ಇರಲಿಲ್ಲ.’”



“ಇನ್ನೊಮ್ಮೆ ಓದಿ,” ಎಂದರು.

ಓದಿದೆ. ಅವರ ಹಿಂದೆ ಏನೋ ಒಂದೇ ಸಮನೆ ಮೊರೆಯುತ್ತಿತ್ತು. ಸಮುದ್ರ ಎಂದು ಬರೆಯಲು ಕೈ ಹೋಗುತ್ತದೆ. ಬಸ್ಸಿರಬಹುದು. ಕೇಳಬೇಕೆನ್ನುವಷ್ಟರಲ್ಲಿ ಹಿತ್ತಲಲ್ಲಿ ಕತ್ತಲಾಗುತ್ತಿತ್ತು. ಫೋನ್ ಇಟ್ಟು ಚಿಲಕ ಹಾಕಲು ಹೋದೆ.