ಏಣಿಯ ನಡುವೆ ನಿಂತ ಕಾಲು

ನನ್ನ ಅಕ್ಕನ ಗಂಡ ಅಂಗಡಿಗಳ ಬೋರ್ಡು ಬರೆಯುವವರು. ಗೆರೆ ಹಾಕಿಕೊಳ್ಳದೆ ಬರೆಯುತ್ತೇನೆಂಬ ಜಂಬ ಬೇರೆ. ಎಪ್ಪತ್ತು ದಾಟಿದ ಮೇಲೆ ಅವರ ಅಕ್ಷರಗಳು ಬಲಕ್ಕೆ ಹೋದಂತೆಲ್ಲ ಕುಗ್ಗತೊಡಗಿದವು. "ಬಣ್ಣ ಉಳಿಸ್ತಿದ್ದೀರಾ ಭಾವ?" ಎಂದು ನಾನು ರೇಗಿಸಿದೆ. ಅಕ್ಕ ವಯಸ್ಸಿನ ಮೇಲೆ ಹಾಕಿದಳು. ಡಾಕ್ಟರು ಪಾರ್ಕಿನ್ಸನ್ ಕಾಯಿಲೆ ಎಂದರು.

"ಹಾಗಾದ್ರೆ ವಯಸ್ಸಿನದ್ದಲ್ವಾ?" ಅಕ್ಕ ಕೇಳಿದಳು.

"ಎರಡೂ ಸೇರ್ಕೊಂಡಿವೆಯಮ್ಮ. ಕೈಕಾಲು ಸಲೀಸಾಗಿ ಆಡೋಕೆ ಡೋಪಮೈನ್ ಅನ್ನೋ ರಾಸಾಯನಿಕ ಬೇಕು. ಅದನ್ನ ಮಾಡೋ ಮೆದುಳಿನ ಜೀವಕೋಶಗಳು ವಯಸ್ಸಾದ ಹಾಗೆ ಎಲ್ಲರಲ್ಲೂ ಸೊರಗ್ತವೆ. ಈ ಕಾಯಿಲೆ ಅವನ್ನೇ ಕೊಲ್ಲುತ್ತೆ. ಚಿಕ್ಕ ವಯಸ್ಸಾಗಿದ್ರೆ ಉಳಿದವು ಹೇಗೋ ನಿಭಾಯಿಸ್ತಿದ್ವು. ಈಗ ಅವಕ್ಕೂ ತ್ರಾಣ ಇಲ್ಲ. ಅದಕ್ಕೇ ಬೇಗ ಜೋರಾಗ್ತಿದೆ."

"ಅಂದ್ರೆ ಎರಡೂ ಕಡೆಯಿಂದ ಏಟು," ಎಂದು ಭಾವ ನಕ್ಕರು. ಅಕ್ಕನಿಗೆ ನಗು ಬರಲಿಲ್ಲ. ಏಣಿ ಹತ್ತುವುದು ಬಿಡಿ ಎಂದು ಅವತ್ತಿನಿಂದ ಹಠ ಹಿಡಿದಳು. ಭಾವ ಕಿವಿಗೇ ಹಾಕಿಕೊಳ್ಳಲಿಲ್ಲ.

ಔಷಧಿ ಅಂಗಡಿಯ ಬೋರ್ಡು ಬರೆದು ಇಳಿಯುತ್ತಿದ್ದಾಗ ಏಣಿಯ ನಡುವೆ ಅವರ ಕಾಲು ನಿಂತೇಬಿಟ್ಟಿತು. ಕೆಳಗೆ ಸಿಮೆಂಟು ನೆಲದ ಮೇಲೆ ನಾನೂ ಅಕ್ಕನೂ, ಪಕ್ಕದಲ್ಲೇ ಬಸ್ಸು ಓಡಾಡುವ ರಸ್ತೆ.

"ಇಳೀರಿ ಭಾವ!"

"ಕಾಲು ಕೀಳೋಕೇ ಬರ್ತಿಲ್ಲ ಕಣೋ."

ನನ್ನ ಬುದ್ಧಿಗೆ ಮಂಕು ಬಡಿದಿತ್ತು. ಎರಡು ಮೆಟ್ಟಿಲು ಹತ್ತಿ ಅವರ ಪಾದ ಹಿಡಿದು ಎಳೆದೆ. ಏಣಿ ಗೋಡೆಗೆ ಉಜ್ಜಿಕೊಂಡು ಪಕ್ಕಕ್ಕೆ ಜಾರಿತು.

"ಮುಟ್ಟಬೇಡ್ವೋ! ಕೆಳಗಿಳಿದು ಏಣಿ ಹಿಡ್ಕೋ!" ಅಕ್ಕ ಗದರಿದಳು. ನಾನು ಇಳಿದು ಏಣಿ ಹಿಡಿದುಕೊಂಡೆ.

ಅಂಗಡಿಯ ಹೆಸರು ತಪ್ಪಬಾರದೆಂದು ಭಾವ ಬರೆಯುವಾಗ ಕೆಳಗೆ ನಿಂತು ಚೀಟಿ ನೋಡಿ ಒಂದೊಂದೇ ಅಕ್ಷರ ಕೂಗುವುದು ಅವಳ ಕೆಲಸ. ಅವಳು ಕೂಗಿದ ಮೇಲೇ ಅವರ ಕೈ ಮುಂದೆ ಹೋಗುತ್ತಿತ್ತು. ಈಗ ಚೀಟಿಯಿಲ್ಲದೆ ಅದೇ ದನಿಯಲ್ಲಿ ಶುರುಮಾಡಿದಳು.

"ಅ."

ಏನೂ ಆಗಲಿಲ್ಲ.

"ಅ ಅಂದೆ ರೀ!"

ಎಡಗಾಲು ನಡುಗುತ್ತಾ ಕೆಳಗಿನ ಮೆಟ್ಟಿಲಿಗೆ ಬಂತು. "ಆ." ಬಲಗಾಲೂ ಬಂತು. ಅಷ್ಟರಲ್ಲಿ ಬಸ್ಸೊಂದು ಹಾರ್ನ್ ಹೊಡೆಯಿತು. ಭಾವ ಮತ್ತೆ ಮರಗಟ್ಟಿ ನಿಂತರು, ಏಣಿ ಹಿಡಿದ ಅವರ ಕೈ ಸಡಿಲವಾಯಿತು. ನಾನು ಕಣ್ಣು ಮುಚ್ಚಿಕೊಂಡೆ. ಅಕ್ಕ ಮಾತ್ರ ದನಿ ಏರಿಸದೆ "ಇ" ಎಂದಳು. ಮತ್ತೆ "ಇ" ಎಂದಳು.

ನೆಲ ಮುಟ್ಟಿದ ಭಾವ ಅಲ್ಲೇ ಕುಸಿದು ಕೂತರು. ಅಂಗಿ ಬೆವರಿನಲ್ಲಿ ತೊಯ್ದಿತ್ತು. ತಲೆಯೆತ್ತಿ ಬೋರ್ಡನ್ನು ನೋಡಿದರು.

"ಇನ್ನು ಏಣಿ ಹತ್ತಲ್ಲ ಕಣೇ."

ಆ ಒಂದು ಮಾತಿಗಾಗಿ ಇಷ್ಟು ದಿನ ಜಗಳವಾಡಿದ್ದ ಅಕ್ಕ, "ಹಾಗನ್ನಬೇಡಿ," ಎಂದು ಬಿಕ್ಕಿ ಬಿಕ್ಕಿ ಅತ್ತಳು.