ಬೂಸಾ ಮೂಟೆಗೆಂದು ಹಾಕಿಸಿದ ರಬ್ಬರ್

ಗೆಳೆಯರೇ, ಇವತ್ತು ಬೆಳ್ಳೂರು ಕ್ರಾಸಿನಲ್ಲಿ ಮೆಕ್ಯಾನಿಕ್ ಪುಟ್ಟಾಚಾರಣ್ಣ ನನಗೆ ಚೆನ್ನಾಗಿ ಉಗಿದ. ಉಗಿಸಿಕೊಳ್ಳುವ ಕೆಲಸವನ್ನೇ ಮಾಡಿದ್ದೆ.

ಸೊಂಟದ ಆಪರೇಷನ್ ಆದ ಅವ್ವನನ್ನು ಆಸ್ಪತ್ರೆಯಿಂದ ಬಿಂಡಿಗನವಿಲೆಗೆ ಕರೆದುಕೊಂಡು ಹೊರಟಿದ್ದೆ. ದಿಂಬು ಕೊಟ್ಟು ಕೂರಿಸಿದ್ದರೂ ಪ್ರತಿ ಗುಂಡಿಗೂ ಅವ್ವ ಹಲ್ಲು ಕಚ್ಚುತ್ತಿದ್ದಳು. ಶಾಕ್ ಅಬ್ಸಾರ್ಬರ್ ಹೋಗಿರಬೇಕು ಎಂದುಕೊಂಡು ಕಾರನ್ನು ಗ್ಯಾರೇಜಿಗೆ ತಿರುಗಿಸಿದೆ.

ಪುಟ್ಟಾಚಾರಣ್ಣ ಕಾರಿನಡಿ ಬಗ್ಗಿ ನೋಡಿದ. "ಶಾಕಪ್ಪು ಚೆನ್ನಾಗೈತೆ. ಸ್ಪ್ರಿಂಗ್ ಸುರುಳಿ ಮಧ್ಯಕ್ಕೆ ಈ ರಬ್ಬರ್ ಯಾಕ್ಲಾ ತುರುಕ್ಸಿದ್ದೀಯೆ?"

"ಡಿಕ್ಕಿಗೆ ಬೂಸಾ ಮೂಟೆ ಆಕಿದ್ರೆ ಹಿಂದ್ಗಡೆ ಕುಸಿಯೋದು ಕಣಣ್ಣ."

"ಗುಂಡಿಗೆ ಬಿದ್ದಾಗ ಸ್ಪ್ರಿಂಗು ಕುಗ್ಗಿ ಏಟು ನುಂಗ್ಬೇಕು. ಆಮೇಲೆ ಅದು ಕುಣೀದಂಗೆ ಶಾಕಪ್ಪು ತಡೀಬೇಕು. ನೀನು ಕುಗ್ಗಕ್ಕೇ ಬುಟ್ಟಿಲ್ಲ. ಏಟೆಲ್ಲ ನೆಟ್ಟಗೆ ನಿಮ್ಮವ್ವನ ಸೊಂಟಕ್ಕೇ ಓಗ್ತದೆ. ಮೂಟೆಗೆ ನೋವಾಗಲ್ಲ ಕಣ್ಲಾ!"

ಒಳಗಿಂದ ಅವ್ವನೇ, "ಅವನ್ನ ಬಯ್ಬೇಡ ಕಣಪ್ಪ, ದನಗೋಳ್ಗೆ ಅಂತ ಆಕ್ಸವ್ನೆ" ಅಂದಳು.

ರಬ್ಬರ್ ಕೀಳಿಸಿ ಹೊರಟ ಮೇಲೆ ಅದೇ ರಸ್ತೆ ಬೇರೆ ರಸ್ತೆಯಂತಿತ್ತು. ಕನ್ನಡಿಯಲ್ಲಿ ನೋಡಿದೆ. ಅವ್ವನ ಹುಬ್ಬು ಸಡಿಲವಾಗಿತ್ತು.

"ಈಗ ನೋವಾಯ್ತದಾ ಅವ್ವ?"

"ನಂದಿರ್ಲಿ ಬುಡು, ನಾಳಿಕೆ ಬೂಸಾ ಎಂಗ್ಲಾ ತಂದೀಯೆ?"

ರಬ್ಬರ್ ಹಾಕಿಸಿ ನಾಲ್ಕು ವರ್ಷವಾಯಿತು. ಸೊಂಟ ನೋವೆನ್ನುವ ಅವ್ವ ಅದೇ ಸೀಟಿನಲ್ಲಿ ಎಷ್ಟೋ ಸಲ ಕೂತು ಬಂದಿದ್ದಾಳೆ. ಒಂದು ದಿನವೂ ಕಾರನ್ನು ದೂರಲಿಲ್ಲ. ಅದಕ್ಕೇ ನಾನು, ಕಾರು ಚೆನ್ನಾಗಿದೆ ಅಂದುಕೊಂಡಿದ್ದೆ.