ಆಷಾಢದಲ್ಲಿ ಕ್ಯಾಲೆಂಡರ್ ಕೇಳಿದವಳು

ತೂಕ ನಲವತ್ತೈದು ಕೆಜಿ ಮೀರುವುದಿಲ್ಲ. ಎತ್ತರ ನನ್ನ ಅಂಗಡಿಯ ತಕ್ಕಡಿ ಕೊಕ್ಕೆಗಿಂತ ಒಂದು ಗೇಣು ಕಡಿಮೆ. ಬ್ಯಾಗಿನ ಪಟ್ಟಿಗೆ ಎರಡು ಕಡೆ ಕೈಹೊಲಿಗೆ. ಚಪ್ಪಲಿಯ ಹಿಮ್ಮಡಿ ಸವೆದು ಕಾಗದದಂತಾಗಿದೆ, ಆದರೆ ಕೊರಳಲ್ಲಿ ನೇತಾಡುವ ಗುರುತಿನ ಚೀಟಿಯ ಮೇಲೆ ಒಂದು ಗೀರೂ ಇಲ್ಲ. ಮೂವತ್ತು ವರ್ಷದಿಂದ ಹುಣಸೂರಿನಲ್ಲಿ ಟಾರ್ಪಾಲು, ಹುರಿ, ಗೋಣಿಚೀಲ ಮಾರುವ ನಾನು ಪುಟ್ಟಲಕ್ಷ್ಮಿಯನ್ನು ಮೊದಲ ಸಲ ನೋಡಿ ಹಾಕಿದ ಅಂದಾಜು ಇದು: ಬಹಳ ನಡೆಯುವ ಹೆಣ್ಣು, ಇನ್ಶೂರೆನ್ಸ್ ಮಾರಲು ಬಂದಿದೆ, ಎರಡು ವಾರ ಬಾಳಿಕೆ ಬರಬಹುದು. ಮೊದಲನೆಯದು ಸರಿಯಾಯಿತು. ಉಳಿದೆರಡು ತಪ್ಪಾದವು.

ಅವಳು ಬಂದದ್ದು ಮೈಸೂರಿನ ಒಂದು ಸಂಶೋಧನಾ ಸಂಸ್ಥೆಯಿಂದ. ರಕ್ತ ಕಮ್ಮಿಯಿರುವ ಹಳ್ಳಿ ಹೆಂಗಸರಿಗೆ ಆ ಸಂಸ್ಥೆ ಕೆಂಪು ಮಾತ್ರೆ ಹಂಚಿತ್ತು. ಅದನ್ನು ಎಷ್ಟು ಜನ ನುಂಗುತ್ತಿದ್ದಾರೆ, ರಕ್ತ ಏರುತ್ತಿದೆಯೋ ಇಲ್ಲವೋ ಎಂದು ಬರೆದುಕೊಳ್ಳುವುದು ಅವಳ ಕೆಲಸ.

"ಯಜಮಾನ್ರೇ, ನಿಮ್ ಬ್ಯಾರನ್ ತಾವ ಹೆಂಗಸ್ರು ಸೊಪ್ಪು ಕಟ್ತಾರಲ್ಲ, ಅಲ್ಲಿ ನಾನೂ ಕೂರ್ಲಾ?"

"ಕೂತು ಏನ್ ಮಾಡ್ತೀಯವ್ವ?"

"ಸೊಪ್ಪು ಕಟ್ತೀನಿ."

"ಕೂಲಿ?"

"ಬ್ಯಾಡಿ."

ಕೂಲಿ ಬೇಡ ಎನ್ನುವವರನ್ನು ನಾನು ನಂಬುವುದಿಲ್ಲ. ಹಾಗೆಂದು ಬೇಡ ಎಂದೂ ಹೇಳುವುದಿಲ್ಲ. ಪಿರಿಯಾಪಟ್ಟಣ ರಸ್ತೆಯಿಂದ ನಾಲ್ಕು ಕಿಲೋಮೀಟರ್ ಒಳಗಿರುವ ನಮ್ಮೂರಿನಲ್ಲಿ ನನಗೆ ಎರಡೂವರೆ ಎಕರೆ ಹೊಗೆಸೊಪ್ಪು, ಅದನ್ನು ಬಿಸಿಯಲ್ಲಿ ಹದಮಾಡಲು ಒಂದು ಬ್ಯಾರನ್. ಆಷಾಢದಲ್ಲಿ ಹೆಂಗಸರು ಬೆಳಗಿನ ಜಾವವೇ ಹೊಲಕ್ಕಿಳಿದು ಎಲೆ ಮುರಿಯುತ್ತಾರೆ, ಆಮೇಲೆ ನೆರಳಲ್ಲಿ ಕೂತು ಕಡ್ಡಿಗೆ ಕಟ್ಟುತ್ತಾರೆ. ನನ್ನ ಮನೆಯಾಕೆ ಸರ್ವಮಂಗಳಳೂ ಅವರ ಜೊತೆಗೇ. ನಾನು ಬೇಡವೆಂದರೆ ಕೇಳುವವಳಲ್ಲ, ನಾನು ಅಷ್ಟೇನೂ ಗಟ್ಟಿಯಾಗಿ ಹೇಳಿದವನೂ ಅಲ್ಲ.

ಪುಟ್ಟಲಕ್ಷ್ಮಿ ನಾಲ್ಕು ದಿನ ಬಂದು ಕೂತು ಕಡ್ಡಿ ಕಟ್ಟಿದಳು. ಫಾರಂ ಬ್ಯಾಗಿನಿಂದ ಹೊರಗೇ ಬರಲಿಲ್ಲ. ಸಂಸ್ಥೆಯ ಬೇರೆ ಹುಡುಗಿಯರು ಅಷ್ಟರಲ್ಲಿ ಅಕ್ಕಪಕ್ಕದ ಊರುಗಳಲ್ಲಿ ಮನೆಬಾಗಿಲಲ್ಲಿ ನಿಂತು, ಅತ್ತೆಯ ಎದುರಿಗೇ ಸೊಸೆಯನ್ನು "ಮಾತ್ರೆ ತಗೋತಿದ್ದೀರಾ?" ಎಂದು ಕೇಳಿ, "ಊಂ" ಎಂಬ ಉತ್ತರ ಬರೆದುಕೊಂಡು ಊರಿಗೆ ಊರನ್ನೇ ಮುಗಿಸುತ್ತಿದ್ದರು.

ಐದನೆಯ ದಿನ ನಮ್ಮ ಹಿತ್ತಿಲಿಗೆ ಕೈ ತೊಳೆಯಲು ಹೋದವಳು ನಗುತ್ತ ಬಂದಳು.

"ಯಜಮಾನ್ರೇ, ನಿಮ್ ಸೀಬೆ ಗಿಡ ರಕ್ತದ ಮಾತ್ರೆ ತಕೊಂತಾ ಅದೆ ಕಣ್ರೀ."

ಹೋಗಿ ನೋಡಿದೆ. ಸೀಬೆಹಣ್ಣಿಗೆ ಬರುವ ಗಿಣಿಗಳನ್ನು ಬೆದರಿಸಲು ಸರ್ವಮಂಗಳ ಮಾತ್ರೆಯ ಪಟ್ಟಿಗಳನ್ನು ದಾರದಲ್ಲಿ ಕಟ್ಟಿ ಕೊಂಬೆಗೆ ಇಳಿಬಿಟ್ಟಿದ್ದಳು. ಬಿಸಿಲಿಗೆ ಫಳಫಳ. ಮೊದಲ ಎರಡು ಬಿಟ್ಟರೆ ಒಂದು ಮಾತ್ರೆಯೂ ಖರ್ಚಾಗಿರಲಿಲ್ಲ. ಹನ್ನೆರಡು ಇರಬೇಕಾದ ಕಡೆ ನನ್ನ ಹೆಂಡತಿಯ ರಕ್ತ ಏಳು ಚಿಲ್ಲರೆ ಇತ್ತು. ಮಹಡಿಯ ಹದಿನಾಲ್ಕು ಮೆಟ್ಟಿಲು ಹತ್ತಲು ಎರಡು ಸಲ ಗೋಡೆ ಹಿಡಿದು ನಿಲ್ಲುತ್ತಿದ್ದಳು. ನನ್ನೆದುರಿಗೆ ಮಾತ್ರ "ದಿನಾ ತಕೊಂತೀನಲ್ಲ" ಎನ್ನುತ್ತಿದ್ದಳು.

"ಅದ ತಿಂದ್ರೆ ವಾಂತಿ ಕಣವ್ವ," ಎಂದಳು ಸರ್ವಮಂಗಳ, ಸಿಕ್ಕಿಬಿದ್ದ ನಾಚಿಕೆ ಒಂದಿಷ್ಟೂ ಇಲ್ಲದೆ. "ತಲೆ ಗಿರ್ರ್ ಅಂತದೆ. ಇವ್ರನ್ನೆಲ್ಲ ಕೇಳು."

ಹೌದಕ್ಕ ಹೌದಕ್ಕ ಎಂದರು ಎಲ್ಲರೂ. ಒಬ್ಬಳು ತಿಪ್ಪೆಗೆ ಎಸೆದಿದ್ದಳು, ಇನ್ನೊಬ್ಬಳು ಕರುವಿಗೆ ತಿನ್ನಿಸಿದ್ದಳು. ಮಾತ್ರೆ ಬಂದದ್ದೂ ಸೊಪ್ಪು ಮುರಿಯಲು ಶುರುವಾದದ್ದೂ ಒಂದೇ ವಾರ. ಹೋದ ವರ್ಷ ಇದೇ ವಾಂತಿಗೆ ಪಿತ್ತ ಎಂದಿದ್ದರು. ಈ ವರ್ಷ ದೂರಲು ಮಾತ್ರೆ ಸಿಕ್ಕಿತು.

ಮಾರನೆಯ ದಿನ ಪುಟ್ಟಲಕ್ಷ್ಮಿ ಅಂಗಡಿಗೆ ಬಂದು ಕ್ಯಾಲೆಂಡರ್ ಕೇಳಿದಳು. ಪ್ರತಿ ವರ್ಷ ನಾನು ಗಿರಾಕಿಗಳಿಗೆ ಹಂಚಲು ನನ್ನ ಫೋಟೋ ಹಾಕಿ ಕ್ಯಾಲೆಂಡರ್ ಮಾಡಿಸುತ್ತೇನೆ. ಉಳಿದ ನಲವತ್ತು ಮೇಜಿನ ಕೆಳಗೆ ಬಿದ್ದಿದ್ದವು, ಹರಿದು ಮೊಳೆಯ ಪೊಟ್ಟಣ ಕಟ್ಟಲು. ಆಷಾಢದಲ್ಲಿ ಕ್ಯಾಲೆಂಡರ್ ಕೇಳಿದವರನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಏನಕ್ಕವ್ವ?"

"ನಮ್ಮಪ್ಪ ಬೀಚನಹಳ್ಳಿ ಕಾಲುವೇಲಿ ನೀರುಗಂಟಿ. ನೀರು ಎಷ್ಟು ಬಂತು ಅಂತ ರೈತ್ರನ್ನ ಯಾವತ್ತೂ ಕೇಳ್ದೋರಲ್ಲ. ತೂಬಿನ ತಾವ ಹೋಗಿ ನೀರಿನ ಅಳತೆ ಪಟ್ಟಿ ನೋಡೋರು. ನನಗೂ ನೋಡಕ್ಕೆ ಒಂದು ಪಟ್ಟಿ ಬೇಕು."

ಮೊದಲು ಮನೆಮನೆಯಲ್ಲೂ ಪಟ್ಟಿಯಲ್ಲಿ ಉಳಿದ ಮಾತ್ರೆ ಎಣಿಸಿ ಫಾರಂ ತುಂಬಿದಳು, ಆಮೇಲೆ ಸೊಪ್ಪು ಮುರಿಯುವ ಒಬ್ಬೊಬ್ಬ ಹೆಂಗಸಿಗೆ ಒಂದೊಂದು ಕ್ಯಾಲೆಂಡರ್ ಕೊಟ್ಟಳು. ಸೊಪ್ಪು ಮುರಿದ ದಿನ ಗೀಟು, ಮಾತ್ರೆ ನುಂಗಿದ ದಿನ ಸೊನ್ನೆ, ವಾಂತಿಯಾದ ದಿನ ಚುಕ್ಕೆ. ಬರೆಯಲು ಬ್ಯಾರನ್ ಒಲೆಯ ಇದ್ದಿಲು. "ಹದಿನೈದು ದಿನ ನನ್ ಮಾತ್ ನಡ್ಸಿ, ಆಮೇಕೆ ಮಾತ್ರೆ ಗಿಣಿಗೇ ಹಾಕಿ," ಎಂದು ಒಪ್ಪಿಸಿದಳು. ಹೀಗೆ ನಮ್ಮೂರ ಹೆಂಗಸರು ವಾಂತಿಯಾದಾಗಲೆಲ್ಲ ನನ್ನ ಫೋಟೋದ ಕೆಳಗೊಂದು ಚುಕ್ಕೆ ಇಡತೊಡಗಿದರು.

ಹದಿನೈದು ದಿನ ಮುಗಿಯುವ ಹೊತ್ತಿಗೆ, ಪುಟ್ಟಲಕ್ಷ್ಮಿ ಗುರುತು ಹಾಕಿದ ಕ್ಯಾಲೆಂಡರ್ ಹಿಡಿದು ಅಂಗಡಿಯಲ್ಲಿದ್ದಾಗ, ಅವಳ ಮೇಲ್ವಿಚಾರಕ ಗೌರೀಶ್ ಹುಡುಕಿಕೊಂಡು ಅಲ್ಲಿಗೇ ಬಂದ. ಇಸ್ತ್ರಿ ಮುರಿಯದ ಅಂಗಿ, ಕೈಯಲ್ಲಿ ಅವಳ ಫಾರಂಗಳ ಕಟ್ಟು.

"ನೋಡಮ್ಮ ಪುಟ್ಟಲಕ್ಷ್ಮಿ, ಬೇರೆಯವರ ಊರಲ್ಲಿ ನೂರಕ್ಕೆ ಎಂಬತ್ಮೂರು ಜನ ಮಾತ್ರೆ ತಗೋತಿದ್ದಾರೆ. ನಿನ್ನ ನೂರರಲ್ಲಿ ಹತ್ತೊಂಬತ್ತು. ಮರದಡಿ ಕೂತು ನೀನೇ ತುಂಬಿದ್ದೀಯ ಅಂತ ಎಲ್ಲರೂ ಹೇಳ್ತಿದ್ದಾರೆ."

"ಇಲ್ಲ ಸಾರ್. ಕ್ಯಾಲೆಂಡರ್ ಕೊಡಕ್ಕೆ ಮುಂಚೆನೇ ನಾನು ಮಾತ್ರೆ ಪಟ್ಟಿ ನೋಡಿ ಬರ್ದಿವ್ನಿ. ಈ ಕ್ಯಾಲೆಂಡರ್ ಒಂಚೂರು ನೋಡಿ."

"ಕ್ಯಾಲೆಂಡರ್ ಫಾರಂನಲ್ಲಿಲ್ಲ. ಈ ಮಾತ್ರೆ ಕೆಲಸ ನಡೆಸೋ ಡಾಕ್ಟ್ರಮ್ಮ ಶುಕ್ರವಾರ ಬರ್ತಾರೆ. ಇದೇ ಲೆಕ್ಕ ಹಿಡಿದು ಕೂತರೆ ನಿನ್ನ ಫಾರಂ ಎಲ್ಲ ರದ್ದು, ಗುರುತಿನ ಚೀಟಿ ವಾಪಸ್ಸು. ಸುಮ್ನೆ ಇನ್ನೊಂದು ಸಲ ಮನೆಮನೆಗೆ ಹೋಗಿ ಕೇಳ್ಕೊಂಡು ಬಾ."

ಬಾಗಿಲಲ್ಲಿ ನಿಂತು ಕೇಳಿದರೆ ಎಂಬತ್ತು ಸಿಗುತ್ತದೆ, ಕೆಲಸ ಉಳಿಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಸೀಬೆ ಗಿಡದ ಮಾತೊಂದನ್ನು ನಾನು ಹೇಳಿದ್ದರೆ ಅವಳ ಕಡೆ ತೂಕ ಬೀಳುತ್ತಿತ್ತು. ಹೇಳಲಿಲ್ಲ. ಹೆಂಡತಿಯ ಮಾತ್ರೆ ಗಿಣಿಗೆ ಹಾಕಿಸಿದವನೆಂದು ಹುಣಸೂರಿನಲ್ಲಿ ಹೆಸರಾದರೆ ಎಂದು ಹುರಿಯ ಉಂಡೆ ಸುತ್ತುತ್ತ ಕೂತೆ.

ಅವಳು ಚೀಟಿಯನ್ನು ಕೊರಳಿನಿಂದ ತೆಗೆದು ನನ್ನ ಮೇಜಿನ ಮೇಲಿಟ್ಟಳು.

"ಶುಕ್ರವಾರದವರ್ಗೂ ಇಲ್ಲಿರ್ಲಿ ಸಾರ್. ಡಾಕ್ಟ್ರಮ್ಮಂಗೆ ಒಂದೇ ಮಾತ್ ಹೇಳಿ. ಯಾರನ್ನೂ ಕೇಳ್ಬೇಡಿ, ಬೆರಳು ಚುಚ್ಚಿ ಅಳೀರಿ. ನನ್ ಊರಲ್ಲೂ ಅಳೀರಿ, ಎಂಬತ್ಮೂರರ ಊರಲ್ಲೂ ಅಳೀರಿ."

ಶುಕ್ರವಾರ, ಶನಿವಾರ ಎರಡು ದಿನ ಜೀಪು ಊರೂರು ಸುತ್ತಿತು. ಶನಿವಾರ ಮಧ್ಯಾಹ್ನ ನಮ್ಮ ಬ್ಯಾರನ್ ನೆರಳಿನಲ್ಲಿ ಚಾಪೆಯ ಮೇಲೆ ಡಾಕ್ಟರಮ್ಮ ಕಾಗದ ಹರಡಿಕೊಂಡು ಕೂತರು. ಸೊಪ್ಪು ಕಟ್ಟುವ ಕೈಗಳೆಲ್ಲ ನಿಂತವು.

"ಗೌರೀಶ್, ನಿಮ್ಮ ಎಂಬತ್ಮೂರು ಜನರಲ್ಲಿ ರಕ್ತ ಏರಿರೋದು ಬೆರಳೆಣಿಕೆಯಷ್ಟು. ಒಂದೋ ನನ್ನ ಮಾತ್ರೆ ಸುಳ್ಳು, ಇಲ್ಲ ಅವರ ಊಂ ಸುಳ್ಳು."

ಗೌರೀಶ್ ಅಂಗಿಯ ತೋಳು ಸರಿಮಾಡಿಕೊಂಡ.

"ಈ ಹುಡುಗಿ ಗುರುತು ಹಾಕಿದ ಹತ್ತೊಂಬತ್ತು ಜನ ಇದ್ದಾರಲ್ಲ, ಅದರಲ್ಲಿ ಹದಿನೇಳು ಜನಕ್ಕೆ ಏರಿದೆ. ಯಾರಮ್ಮ ಇವರೆಲ್ಲ?"

"ಸೊಪ್ಪು ಮುಟ್ಟದೋರು ಮೇಡಂ," ಎಂದಳು ಪುಟ್ಟಲಕ್ಷ್ಮಿ. "ಶಾಲೇಲಿ ಅಡುಗೆ ಮಾಡೋರು, ಬಟ್ಟೆ ಹೊಲಿಯೋರು, ಗದ್ದೆ ಕೆಲ್ಸದೋರು. ಅವ್ರಿಗೆ ಮಾತ್ರೆ ತಿಂದ್ರೂ ವಾಂತಿ ಇಲ್ಲ."

ಆಮೇಲೆ ಕ್ಯಾಲೆಂಡರ್‌ಗಳನ್ನು ಒಂದೊಂದಾಗಿ ಹಾಸಿದಳು. ಸಾಲಾಗಿ ಮೂವತ್ತು ಸಲ ನಾನೇ ನಗುತ್ತಿದ್ದೆ. ಓದು ಬಾರದವರಿಗೂ ಕಾಣುವಂತಿತ್ತು. ಸೊನ್ನೆ ಎಲ್ಲೆಂದರಲ್ಲಿ ಇತ್ತು, ಚುಕ್ಕೆ ಮಾತ್ರ ಗೀಟು ಹಾಕಿದ ದಿನಗಳಲ್ಲೇ ಇತ್ತು. ಗೀಟಿಲ್ಲದ ದಿನ ಮಾತ್ರೆ ನುಂಗಿದವರಿಗೆ ಚುಕ್ಕೆಯಿಲ್ಲ. ಕಡೆಯ ಕ್ಯಾಲೆಂಡರ್ ಕೆ.ಆರ್. ನಗರದ ಕಡೆಯಿಂದ ಕೂಲಿಗೆ ಬಂದಿದ್ದ ಸುಧಾಳದು. ಸಂಸ್ಥೆಯ ಹೆಸರಿನ ಪಟ್ಟಿಯಲ್ಲಿ ಇಲ್ಲದ ಕಾರಣ ಅವಳಿಗೆ ಒಂದು ಮಾತ್ರೆಯೂ ಸಿಕ್ಕಿರಲಿಲ್ಲ. ಒಂದೂ ಸೊನ್ನೆಯಿಲ್ಲದ ಆ ಹಾಳೆಯಲ್ಲಿ ಎಲ್ಲರಿಗಿಂತ ಹೆಚ್ಚು ಚುಕ್ಕೆಗಳಿದ್ದವು.

"ಅಯ್ಯೋ ನಿನ್ನ, ಸೊಪ್ಪೇ ಕಣ್ರೇ ಕೆಡಿಸ್ತಿರಾದು!" ಎಂದು ಸರ್ವಮಂಗಳ ಕೈಯಲ್ಲಿದ್ದ ಕಡ್ಡಿ ಬಿಟ್ಟಳು.

ಇಬ್ಬನಿಗೆ ನೆನೆದ ಎಲೆಯ ರಸ ಚರ್ಮದಿಂದಲೇ ಒಳಗಿಳಿಯುತ್ತದೆ, ಬಾಯಿಗೆ ಹಾಕಬೇಕೆಂದೇನಿಲ್ಲ ಎಂದು ಡಾಕ್ಟರಮ್ಮ ವಿವರಿಸಿದರು. ನಂತರ ಪುಟ್ಟಲಕ್ಷ್ಮಿಯ ಚೀಟಿ ಎಲ್ಲಿ ಎಂದು ಕೇಳಿದರು. ನನ್ನ ಜೇಬಿನಲ್ಲಿತ್ತು. ಕೊಡುವ ಮೊದಲು, ತಡವಾಗಿಯಾದರೂ, ಸೀಬೆ ಗಿಡದ ವಿಷಯ ಹೇಳಿಬಿಟ್ಟೆ. ಹೆಂಗಸರು ನಕ್ಕ ನಗು ರಸ್ತೆಗೆ ಕೇಳಿಸಿರಬೇಕು.

"ಮೂರ್ ದಿನ ಮುಂಚೆ ಹೇಳಿದ್ರೆ ನಾನು ಊಟ ಬುಡ್ತಿರ್ನಿಲ್ಲ ಯಜಮಾನ್ರೇ," ಎಂದಳು ಪುಟ್ಟಲಕ್ಷ್ಮಿ, ಚೀಟಿ ಕೊರಳಿಗೆ ಹಾಕಿಕೊಳ್ಳುತ್ತ. ಅಷ್ಟೇ ಅವಳು ನನಗೆ ಆಡಿದ ಬಿರುಸು ಮಾತು.

ಮರುವರ್ಷ ಸೊಪ್ಪು ಮುರಿಯುವ ಕಾಲಕ್ಕೆ ಅವಳ ಕಾನೂನು ಬಂತು: ಇಬ್ಬನಿ ಆರುವವರೆಗೆ ಹೊಲಕ್ಕೆ ಇಳಿಯಬಾರದು, ಗಂಡಂದಿರ ಹಳೆಯ ತುಂಬುತೋಳಿನ ಅಂಗಿ ತೊಡಬೇಕು, ಸೊಂಟಕ್ಕೆ ಪ್ಲಾಸ್ಟಿಕ್ ಹಾಳೆ ಕಟ್ಟಬೇಕು, ಮಾತ್ರೆ ರಾತ್ರಿ ಊಟದ ಮೇಲೆ. ಹತ್ತು ಗಂಟೆಗೆ ಇಳಿದರೆ ಬ್ಯಾರನ್ ತುಂಬುವುದು ಯಾವಾಗ ಎಂದು ಮೊದಲು ಕೂಗಾಡಿದವನು ನಾನೇ. ನಮ್ಮ ಹೊಲದಲ್ಲಿ ಒಬ್ಬರೂ ಹತ್ತಕ್ಕೆ ಮೊದಲು ಇಳಿಯಲಿಲ್ಲ. ಬ್ಯಾರನ್ ತುಂಬಿತು. ಪ್ಲಾಸ್ಟಿಕ್ ಹಾಳೆಯೂ ನನ್ನ ಅಂಗಡಿಯಲ್ಲೇ ಖಾಲಿಯಾಯಿತು.

ಆ ವರ್ಷ ಬೆರಳು ಚುಚ್ಚಿದಾಗ ನಮ್ಮೂರಲ್ಲಿ ನಾಲ್ವರಲ್ಲಿ ಮೂವರಿಗೆ ರಕ್ತ ಏರಿತ್ತು. ಪುಟ್ಟಲಕ್ಷ್ಮಿ ಈಗ ಹುಣಸೂರು, ಹೆಗ್ಗಡದೇವನಕೋಟೆ ಸೇರಿ ನಾಲ್ಕು ತಾಲ್ಲೂಕಿನ ಹೊಸಬರಿಗೆ ಕೆಲಸ ಕಲಿಸುತ್ತಾಳೆ. ಮೊದಲ ಪಾಠ ನಮ್ಮ ಬ್ಯಾರನ್ ನೆರಳಲ್ಲಿ: ನಾಲ್ಕು ದಿನ ಸೊಪ್ಪು ಕಟ್ಟಬೇಕು, ಫಾರಂ ಮುಟ್ಟಬಾರದು. ಗೌರೀಶನೂ ಬಂದು ಕೂರುತ್ತಾನೆ. ಅವನು ಕಟ್ಟಿದ ಕಡ್ಡಿ ಎತ್ತಿದರೆ ಎಲೆಯೆಲ್ಲ ಉದುರುತ್ತದೆ. "ಬುಡಿ ಸಾರ್, ಬತ್ತದೆ," ಎಂದು ಪುಟ್ಟಲಕ್ಷ್ಮಿ ಅದನ್ನು ಬಿಚ್ಚಿ ಮತ್ತೆ ಅವನ ಕೈಗೇ ಕೊಡುತ್ತಾಳೆ. ಸೀಬೆಹಣ್ಣು ಈಗ ಪೂರ್ತಿ ಗಿಣಿಗಳ ಪಾಲು.

ಸರ್ವಮಂಗಳಳ ರಕ್ತ ಹನ್ನೊಂದು ದಾಟಿದೆ. ಹದಿನಾಲ್ಕು ಮೆಟ್ಟಿಲನ್ನು ಗೋಡೆ ಮುಟ್ಟದೆ ಹತ್ತಿ, ಮೇಲಿನಿಂದ ನನ್ನನ್ನು ಕೂಗುತ್ತಾಳೆ. ಅದಕ್ಕೆ ನಾನು ಪುಟ್ಟಲಕ್ಷ್ಮಿಗೆ ಋಣಿ. ಆಡಬೇಕಾದ ದಿನ ಆಡದ ಒಂದು ಮಾತಿಗೂ ನಾನು ಅವಳಿಗೆ ಋಣಿ.